ಬಿರುದು, ಸನ್ನಿಧಾನ ಮತ್ತು ಹಕ್ಕು: ಯಳಂದೂರು–ಕೊಳ್ಳೇಗಾಲ ಸೀಮೆಯ ಹಿನ್ನೆಲೆಯಲ್ಲಿ ರಾಜಸ್ತ್ರೀಯರ ಪದವಿಗಳ ಸ್ವರೂಪ

ರಾಜಮನೆತನಗಳ ಇತಿಹಾಸವನ್ನು ಬರೆಯುವಾಗ ಪುರುಷರ ಬಿರುದಾವಳಿಗಳಿಗೆ ದೊರೆತಷ್ಟು ಗಮನ ಸ್ತ್ರೀಯರ ಪದವಿಸೂಚಕ ಹೆಸರುಗಳಿಗೆ ದೊರೆತಿಲ್ಲ. ‘ಅರಸಿ’, ‘ಪಟ್ಟಮಹಾದೇವಿ’, ‘ಅಮ್ಮಣ್ಣಿ’, ‘ಸನ್ನಿಧಾನ’ ಮುಂತಾದವನ್ನು ಕೇವಲ ಗೌರವವಾಚಕಗಳೆಂದು ಭಾವಿಸುವುದೇ ರೂಢಿಯಾಗಿದೆ. ಆದರೆ ಒಂದು ಪದವಿ ಯಾರಿಂದ ಬರುತ್ತದೆ, ಯಾರಿಗೆ ಹೋಗುತ್ತದೆ, ಅದರೊಡನೆ ಯಾವ ಅಧಿಕಾರ ಅಥವಾ ಆಸ್ತಿ ಸಾಗುತ್ತದೆ ಎಂಬ ಪ್ರಶ್ನೆಗಳನ್ನು ಕೇಳಿದಾಗ ಈ ಪದಗಳು ಆಯಾ ಸಮಾಜದ ಉತ್ತರಾಧಿಕಾರ ಕಲ್ಪನೆಯನ್ನೇ ತೆರೆದು ತೋರಿಸುತ್ತವೆ. ಯಳಂದೂರು, ಕೊಳ್ಳೇಗಾಲ ಹಾಗೂ ಹನೂರು ಪ್ರದೇಶ ಇಂತಹ ಅಧ್ಯಯನಕ್ಕೆ ವಿಶೇಷವಾಗಿ ಒದಗಿಬರುತ್ತದೆ. ಇವುಗಳಲ್ಲಿ ಯಳಂದೂರು ಮೈಸೂರು ಅರಮನೆಗೆ ರಾಣಿಯನ್ನು ಕೊಟ್ಟ ಊರು. ಕೊಳ್ಳೇಗಾಲವು ೧೭೯೯ರಿಂದ ೧೯೫೬ರವರೆಗೆ ಬೇರೊಂದು ಆಡಳಿತದ, ಬೇರೊಂದು ಕಾನೂನಿನ ಅಡಿಯಲ್ಲಿದ್ದ ನೆರೆಯ ಸೀಮೆ. ಈ ನೆರೆಹೊರೆಯ ಅನುಭವವನ್ನು ಇಂಗ್ಲೆಂಡಿನ ಕುಲೀನ ಸ್ತ್ರೀಯರ ಪದವಿಗಳೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧. ಇಂಗ್ಲೆಂಡಿನ ಪದ್ಧತಿ

ಇಂಗ್ಲೆಂಡಿನಲ್ಲಿ ಕುಲೀನ ಸ್ತ್ರೀಯರು ಪದವಿಯನ್ನು ಪಡೆಯುತ್ತಿದ್ದ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ವಿವಾಹ. ಡ್ಯೂಕನ ಹೆಂಡತಿ ಡಚೆಸ್, ಅರ್ಲ್ ಪದವಿಯವನ ಹೆಂಡತಿ ಕೌಂಟೆಸ್ ಎನಿಸಿಕೊಳ್ಳುತ್ತಾಳೆ. ಇದು ಗಂಡನ ಪದವಿಯ ಪ್ರತಿಫಲನವೇ ಹೊರತು ಆಕೆಯ ಸ್ವಂತ ಸ್ವತ್ತಲ್ಲ. ಎರಡನೆಯದು ಸ್ವಂತ ಹಕ್ಕಿನಿಂದ ಪಡೆದ ಪದವಿ. ಇದು ಜನ್ಮದಿಂದ ಬರುವಂಥದ್ದು, ಗಂಡನಿಗೆ ಸಲ್ಲದಂಥದ್ದು, ಆದರೆ ಮಕ್ಕಳಿಗೆ ಇಳಿಯುವಂಥದ್ದು.

ಸ್ವಂತ ಹಕ್ಕಿನ ಪದವಿ ದೊರೆಯುವುದು ಆ ಪದವಿ ಹುಟ್ಟಿದ ಬಗೆಯನ್ನು ಅವಲಂಬಿಸಿತ್ತು. ಪಾರ್ಲಿಮೆಂಟಿಗೆ ಬರಬೇಕೆಂದು ರಾಜನು ಕಳುಹಿಸಿದ ಆಹ್ವಾನಪತ್ರದಿಂದ ಉಂಟಾದ ಪ್ರಾಚೀನ ಬ್ಯಾರನ್ ಪದವಿಗಳು ಗಂಡುಮಕ್ಕಳಿಲ್ಲದಿದ್ದಾಗ ಹೆಣ್ಣುಮಕ್ಕಳಿಗೆ ಸಲ್ಲುತ್ತಿದ್ದವು. ಆದರೆ ಅಲ್ಲಿ ಹಿರಿಯ ಮಗಳು, ಕಿರಿಯ ಮಗಳು ಎಂಬ ಭೇದವಿರಲಿಲ್ಲ. ಒಬ್ಬಳೇ ಮಗಳಿದ್ದರೆ ಪದವಿ ಆಕೆಗೆ ಬರುತ್ತಿತ್ತು. ಇಬ್ಬರು ಮೂವರಿದ್ದರೆ ಯಾರಿಗೂ ಸಲ್ಲದೆ ತಡೆಹಿಡಿದ ಸ್ಥಿತಿಯಲ್ಲಿ ಉಳಿಯುತ್ತಿತ್ತು. ಹಕ್ಕುದಾರರಲ್ಲಿ ಒಬ್ಬರೇ ಉಳಿದಾಗ, ಇಲ್ಲವೇ ರಾಜನೇ ಒಬ್ಬರ ಪರವಾಗಿ ನಿರ್ಣಯಿಸಿದಾಗ ಮಾತ್ರ ಅದು ಮತ್ತೆ ಜೀವ ತಳೆಯುತ್ತಿತ್ತು. ಸನ್ನದಿನ ಮೂಲಕ ಸೃಷ್ಟಿಯಾದ ನಂತರದ ಪದವಿಗಳು ಬಹುಮಟ್ಟಿಗೆ ‘ದೇಹಸಂಜಾತ ಪುರುಷ ಸಂತತಿ’ಗೆ ಸೀಮಿತವಾಗಿದ್ದುದರಿಂದ ಅಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನವಿರಲಿಲ್ಲ.

ಈ ನಿಯಮಕ್ಕೆ ವಿನಾಯಿತಿಗಳೂ ಇದ್ದವು. ೧೫೧೩ರಲ್ಲಿ ಎಂಟನೆಯ ಹೆನ್ರಿಯು ಮಾರ್ಗರೆಟ್ ಪೋಲ್ ಎಂಬಾಕೆಗೆ ಅವಳ ಮನೆತನದ ಸಾಲ್ಸ್‌ಬರಿ ಪದವಿಯನ್ನು ಮರಳಿಸಿದನು. ಆಕೆ ಸ್ವಂತ ಹಕ್ಕಿನಿಂದ ಕೌಂಟೆಸ್ ಆದಳು. ೧೫೪೧ರಲ್ಲಿ ಅದೇ ರಾಜನ ಆಜ್ಞೆಯಿಂದ ಶಿರಚ್ಛೇದಕ್ಕೆ ಗುರಿಯಾದಳು. ಮಾರ್ಲ್‌ಬರೋ ಡ್ಯೂಕ್ ಜಾನ್ ಚರ್ಚಿಲ್‌ನ ಮಗನು ಅಕಾಲಮರಣ ಹೊಂದಿದಾಗ ೧೭೦೬ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನವನ್ನು ಮಾಡಿ ಪದವಿಯು ಹೆಣ್ಣುಮಕ್ಕಳಿಗೆ ಸಲ್ಲುವಂತೆ ಮಾಡಿತು. ಅದರಂತೆ ೧೭೨೨ರಲ್ಲಿ ಹಿರಿಯ ಮಗಳು ಹೆನ್ರಿಯೆಟಾ ಡಚೆಸ್ ಆದಳು.

ಪದವಿ ದೊರೆತರೂ ಅದರೊಡನೆ ಅಧಿಕಾರ ದೊರೆಯುತ್ತಿರಲಿಲ್ಲ ಎಂಬುದು ಗಮನಾರ್ಹ. ತಂದೆಯಿಂದ ವೈಕೌಂಟೆಸ್ ಪದವಿಯನ್ನು ಪಡೆದಿದ್ದ ಲೇಡಿ ರೋಂಡಾ, ೧೯೧೯ರ ಲಿಂಗಾಧಾರಿತ ಅನರ್ಹತೆ ನಿವಾರಣಾ ಶಾಸನವನ್ನು ಆಧಾರವಾಗಿಟ್ಟುಕೊಂಡು ಪ್ರಭುಗಳ ಸಭೆಯಲ್ಲಿ ತನಗೆ ಆಸನ ಬೇಕೆಂದು ವಾದಿಸಿದಳು. ೧೯೨೨ರಲ್ಲಿ ಆ ಬೇಡಿಕೆ ತಿರಸ್ಕೃತವಾಯಿತು. ೧೯೫೮ರ ಶಾಸನದಿಂದ ಆಜೀವ ಪದವಿ ಪಡೆದ ಸ್ತ್ರೀಯರಿಗೆ, ೧೯೬೩ರ ಶಾಸನದಿಂದ ಆನುವಂಶಿಕ ಪದವಿಯ ಸ್ತ್ರೀಯರಿಗೆ ಆ ಸಭೆಯ ಬಾಗಿಲು ತೆರೆಯಿತು. ರಾಜಸಿಂಹಾಸನದ ಮಟ್ಟಿಗೆ ೨೦೧೩ರ ಶಾಸನವು ಗಂಡುಮಕ್ಕಳ ಆದ್ಯತೆಯನ್ನು ತೆಗೆದುಹಾಕಿದರೂ ಕುಲೀನ ಪದವಿಗಳಿಗೆ ಆ ಸುಧಾರಣೆ ಅನ್ವಯಿಸಲಿಲ್ಲ. ಒಟ್ಟಿನಲ್ಲಿ ಇಂಗ್ಲೆಂಡಿನಲ್ಲಿ ಪದವಿಯು ರಕ್ತಸಂಬಂಧವನ್ನು ಹಿಡಿದು ಸಾಗುವ ಒಂದು ಬಗೆಯ ಆಸ್ತಿ. ಹೆಣ್ಣು ಅದನ್ನು ಕೆಲವೊಮ್ಮೆ ಹೊಂದಬಹುದಾಗಿತ್ತು, ಬಹುಕಾಲ ಚಲಾಯಿಸುವಂತಿರಲಿಲ್ಲ.

೨. ಕನ್ನಡ ನಾಡಿನ ಪೂರ್ವಪರಂಪರೆ

ಕನ್ನಡ ಶಾಸನಗಳಲ್ಲಿ ಕಾಣುವ ಸ್ಥಿತಿ ಇದಕ್ಕಿಂತ ಭಿನ್ನವಾದುದು. ‘ಪಿರಿಯರಸಿ’, ‘ಪಟ್ಟಮಹಾದೇವಿ’ ಎಂಬುವು ರಾಣಿಯರ ನಡುವಿನ ತಾರತಮ್ಯವನ್ನು ಸೂಚಿಸುವ ಸ್ಥಾನನಾಮಗಳು. ಅವು ವಿವಾಹದಿಂದಲೂ ಪಟ್ಟಬಂಧದಿಂದಲೂ ಬರುತ್ತಿದ್ದವೇ ಹೊರತು ತಾಯಿಯಿಂದ ಮಗಳಿಗೆ ಇಳಿಯುತ್ತಿರಲಿಲ್ಲ. ಇವುಗಳೊಡನೆ ವ್ಯಕ್ತಿಗತ ಬಿರುದುಗಳೂ ಇದ್ದವು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿಗೆ ‘ಗುಣದಬೆಡಂಗಿ’ ಎಂಬ ಬಿರುದಿತ್ತು. ಆಕೆ ಪ್ರಾಂತ್ಯಗಳನ್ನು ಆಳಿದವಳು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಬಿರುದು ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಇಂತಹ ಬಿರುದುಗಳು ಆಯಾ ವ್ಯಕ್ತಿಯೊಡನೆಯೇ ಮುಗಿಯುವಂಥವು.

ಕರಾವಳಿಯ ಅಳಿಯಸಂತಾನ ಪದ್ಧತಿ ಇದಕ್ಕೆ ದೊಡ್ಡ ಅಪವಾದ. ಅಲ್ಲಿ ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಿದ್ದುದರಿಂದ ಉಳ್ಳಾಲದ ಅಬ್ಬಕ್ಕ, ಗೇರುಸೊಪ್ಪೆಯ ಚೆನ್ನಭೈರಾದೇವಿಯಂತಹವರು ಸ್ವಂತ ಹಕ್ಕಿನಿಂದ ಆಳಲು ಸಾಧ್ಯವಾಯಿತು. ಮಲೆನಾಡಿನ ಕೆಳದಿಯಲ್ಲಿ ಚೆನ್ನಮ್ಮಾಜಿಯು (೧೬೭೨–೧೬೯೭) ಗಂಡನ ಮರಣಾನಂತರ ರಾಜ್ಯವಾಳಿ, ದತ್ತುಪುತ್ರನಾದ ಬಸವಪ್ಪನಾಯಕನಿಗೆ ಅಧಿಕಾರವನ್ನು ದಾಟಿಸಿದಳು. ವಿಧವೆಯ ಆಳ್ವಿಕೆ ಮತ್ತು ದತ್ತಕ ಎಂಬ ಈ ಎರಡನೆಯ ಮಾದರಿಯೇ ಮೈಸೂರಿನ ಚರಿತ್ರೆಯಲ್ಲಿ ಬೇರೆ ಬೇರೆ ರೂಪಗಳಲ್ಲಿ ಮರುಕಳಿಸುವುದನ್ನು ಮುಂದೆ ಕಾಣಬಹುದಾಗಿದೆ.

೩. ಯಳಂದೂರು: ಅರಸಿಯ ಹೆಸರು, ಊಳಿಗದ ಹೆಸರು

ಯಳಂದೂರು ಹದಿನಾಡು ಪಾಳೆಯಗಾರರ ಕೇಂದ್ರವಾಗಿದ್ದ ಊರು. ಇಲ್ಲಿನ ಗೌರೀಶ್ವರ ದೇವಾಲಯವನ್ನು ಈ ಮನೆತನದ ಸಿಂಗದೇವಭೂಪನೂ, ‘ಬಳೆಮಂಟಪ’ವೆಂದು ಪ್ರಸಿದ್ಧವಾದ ಅದರ ಮಹಾದ್ವಾರವನ್ನು ೧೭ನೆಯ ಶತಮಾನದ ನಡುಭಾಗದಲ್ಲಿ ಅದೇ ಮನೆತನದ ಮುದ್ದರಾಜನೂ ಕಟ್ಟಿಸಿದರು. ಈ ಸೀಮೆಗೂ ಮೈಸೂರು ಅರಮನೆಗೂ ನಿಕಟ ಸಂಬಂಧವಿತ್ತು. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತನು ಯಳಂದೂರಿನವನು. ಪಟ್ಟದ ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನ ಮಗಳು.

ಆದರೆ ಇಂದು ದೇವಾಜಮ್ಮಣ್ಣಿಯ ಹೆಸರನ್ನು ಕನ್ನಡಿಗರು ನೆನೆಯುವುದು ಬಹುಮಟ್ಟಿಗೆ ಆಕೆಯ ಊಳಿಗದವಳ ದೆಸೆಯಿಂದ. ಯಳಂದೂರಿನ ಹೊನ್ನಮ್ಮ ಅರಮನೆಯಲ್ಲಿ ಎಲೆಯಡಿಕೆಯ ಚೀಲವನ್ನು ಹಿಡಿಯುವ ಕೆಲಸದಲ್ಲಿದ್ದುದರಿಂದ ‘ಸಂಚಿಯ ಹೊನ್ನಮ್ಮ’ ಎನಿಸಿದಳು. ಅಳಸಿಂಗರಾರ್ಯನಲ್ಲಿ ವಿದ್ಯೆ ಕಲಿತು, ರಾಣಿಯ ಪ್ರೋತ್ಸಾಹದಿಂದ ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು. ಪತಿವ್ರತಾಧರ್ಮವನ್ನು ಬೋಧಿಸುವ ಈ ಕೃತಿಯಲ್ಲಿಯೇ ಹೆಣ್ಣನ್ನು ಗಂಡಿಗಿಂತ ಕೀಳೆಂದು ಎಣಿಸುವವರ ಅವಿವೇಕವನ್ನು ಪ್ರಶ್ನಿಸುವ ಧ್ವನಿಯೂ ಇದೆ. ಇಲ್ಲಿ ಎರಡು ಬಗೆಯ ಪದವಿನಾಮಗಳು ಎದುರುಬದುರಾಗಿವೆ. ‘ಅಮ್ಮಣ್ಣಿ’ ಎಂಬುದು ಅರಸು ಕುಲದಲ್ಲಿ ಹುಟ್ಟಿದ್ದರಿಂದ ಬಂದದ್ದು. ‘ಸಂಚಿ’ ಎಂಬುದು ಮಾಡಿದ ಕೆಲಸದಿಂದ ಬಂದದ್ದು. ಸಾಹಿತ್ಯ ಚರಿತ್ರೆಯಲ್ಲಿ ಚಿರಸ್ಥಾಯಿಯಾದುದು ಎರಡನೆಯದು.

೧೮೦೭ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ‘ಯಳಂದೂರು ಜಹಗೀರುದಾರ’ ಎಂಬ ಆನುವಂಶಿಕ ಪದವಿ ಆ ಮನೆತನದ ಪುರುಷರಲ್ಲಿ ಸಾಗಿ ಬಂದಿತು. ೧೯೦೧ರಿಂದ ೧೯೦೬ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ. ಎನ್. ಕೃಷ್ಣಮೂರ್ತಿಯವರು ಈ ವಂಶದವರೇ. ಊರಿನ ಹೆಸರನ್ನೇ ಹೊತ್ತು ತಂದೆಯಿಂದ ಮಗನಿಗೆ ಇಳಿಯುವ ಈ ಪದವಿಯು ಇಂಗ್ಲೆಂಡಿನ ಪದವಿಗಳಿಗೆ ಹತ್ತಿರವಾದುದು. ಅದೇ ಊರಿನಿಂದ ಹೋದ ರಾಣಿಯ ಪದವಿಗೆ ಇಂತಹ ಯಾವ ಉತ್ತರಾಧಿಕಾರವೂ ಇರಲಿಲ್ಲ.

ಹನೂರು ಕಡೆಯ ಮಲೆ ಮಹದೇಶ್ವರ ಕಾವ್ಯ ಪರಂಪರೆಯನ್ನು ನೋಡಿದರೆ ಹೆಸರಿಡುವ ಇನ್ನೊಂದು ರೀತಿ ಕಾಣಸಿಗುತ್ತದೆ. ದೇವರಗುಡ್ಡರು ಹಾಡುವ ಈ ಕಥನದಲ್ಲಿ ಸಿರಿವಂತೆಯಾದ ಕಾಳಮ್ಮ ‘ಬೇವಿನಹಟ್ಟಿ ಕಾಳಮ್ಮ’ ಎಂದೇ ಪ್ರಸಿದ್ಧಳು. ಗಂಡನ ಹೆಸರಾಗಲಿ ಬಿರುದಾಗಲಿ ಅಲ್ಲಿ ಮುಂದಾಗುವುದಿಲ್ಲ; ಆಕೆಯ ಹಟ್ಟಿಯೇ ಆಕೆಯ ಗುರುತು. ಅರಮನೆಯ ಹೊರಗಿನ ಸಮಾಜವು ಸ್ಥಿತಿವಂತ ಹೆಣ್ಣನ್ನು ಊರಿನ ಹೆಸರಿನಿಂದ ಗುರುತಿಸುತ್ತಿದ್ದುದಕ್ಕೆ ಇದೊಂದು ನಿದರ್ಶನ.

೪. ‘ಅಮ್ಮಣ್ಣಿ’ಯಿಂದ ‘ಸನ್ನಿಧಾನ’ಕ್ಕೆ

ಮೈಸೂರು ರಾಜಸ್ತ್ರೀಯರ ಚರಿತ್ರೆಯನ್ನು ಅಭ್ಯಸಿಸುವವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳ ಪುನರಾವರ್ತನೆ. ದೇವಾಜಮ್ಮಣ್ಣಿ, ಕೆಂಪನಂಜಮ್ಮಣ್ಣಿ ಮುಂತಾದ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಯಿಯ ಹೆಸರು ಕೆಂಪನಂಜಮ್ಮಣ್ಣಿ. ಸುಮಾರು ನೂರು ವರ್ಷಗಳ ತರುವಾಯ ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿಯ ಹೆಸರೂ ಕೆಂಪನಂಜಮ್ಮಣ್ಣಿ. ಹೆಸರೊಂದರಿಂದಲೇ ವ್ಯಕ್ತಿಯನ್ನು ಗುರುತಿಸಲಾಗದ ಇಂತಹ ಸನ್ನಿವೇಶದಲ್ಲಿ ಸ್ಥಾನನಾಮವೊಂದು ಅಗತ್ಯವಾಗುತ್ತದೆ. ‘ವಿಲಾಸ ಸನ್ನಿಧಾನ’ವೆಂಬ ಪದವಿಗಳು ಈ ಅಗತ್ಯವನ್ನು ಪೂರೈಸಿದವು.

ಮುಮ್ಮಡಿಯವರ ಕಾಲದಲ್ಲಿ ರಾಣಿಯರು ರಾಮವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ, ಸೀತಾವಿಲಾಸ ಮುಂತಾದ ಹೆಸರುಗಳಿಂದ ಗುರುತಿಸಲ್ಪಟ್ಟರು. ಲಿಂಗಾಜಮ್ಮಣ್ಣಿಯವರನ್ನು ‘ಕೃಷ್ಣವಿಲಾಸ ಸನ್ನಿಧಾನ’ವೆಂದು ಕರೆಯಲಾಗುತ್ತಿತ್ತು. ‘ವಿಲಾಸ’ವೆಂಬುದು ರಾಣಿಯ ವಾಸಸ್ಥಾನ, ಪರಿವಾರಗಳನ್ನು ಸೂಚಿಸುವ ಪದ, ‘ಸನ್ನಿಧಾನ’ವೆಂದರೆ ಸಮ್ಮುಖ, ಸಾನ್ನಿಧ್ಯ. ದೇವರಿಗೂ ಮಠಾಧಿಪತಿಗಳಿಗೂ ಬಳಸುವ ಮಾತನ್ನೇ ಇಲ್ಲಿ ರಾಣಿಗೂ ಬಳಸಲಾಗಿದೆ. ಆದ್ದರಿಂದ ಈ ಪದವಿಯು ಕುಲವನ್ನಾಗಲಿ ಭೂಮಿಯನ್ನಾಗಲಿ ಹೇಳದೆ ಅರಮನೆಯೊಳಗಿನ ಒಂದು ಪೀಠವನ್ನು ಹೇಳುತ್ತದೆ. ಚಾಮುಂಡಿಬೆಟ್ಟದ ದೇವಾಲಯದಲ್ಲಿ ಮುಮ್ಮಡಿಯವರು ಕೈಮುಗಿದು ನಿಂತ ಶಿಲಾಮೂರ್ತಿಯ ಜೊತೆಗೆ ರಾಮವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ ಎಂಬ ಮೂವರು ರಾಣಿಯರ ಮೂರ್ತಿಗಳಿವೆ. ಚಾಮರಾಜನಗರದಲ್ಲಿ ೧೮೨೬ರಲ್ಲಿ ಅವರು ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ದೇವರಿಗೆ ತಂದೆಯ ಹೆಸರನ್ನೂ ದೇವಿಗೆ ತಾಯಿಯ ಹೆಸರನ್ನೂ ಇರಿಸಿ ‘ಕೆಂಪನಂಜಾಂಬ’ ಎಂದು ಕರೆಯಲಾಯಿತು. ಮೈಸೂರು ನಗರದ ರಾಮವಿಲಾಸ, ಕೃಷ್ಣವಿಲಾಸ, ಸೀತಾವಿಲಾಸ ರಸ್ತೆಗಳೂ ಈ ಪದವಿಗಳ ನೆನಪನ್ನು ಉಳಿಸಿಕೊಂಡಿವೆ.

ಪೀಠವನ್ನು ಹೇಳುವ ಪದವಿಯಾದುದರಿಂದ ಅದು ರಕ್ತಸಂಬಂಧವಿಲ್ಲದವರಿಗೂ ಸಲ್ಲಬಹುದಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೦ರಲ್ಲಿ ವರಿಸಿದ ಪ್ರತಾಪಕುಮಾರಿಯವರು ಕಾಠಿಯಾವಾಡದ ವಾಣಾ ಮನೆತನದವರು. ಮೈಸೂರಿಗೆ ಬಂದ ಮೇಲೆ ಅವರ ಹೆಸರಿಗೆ ‘ಅಮ್ಮಣ್ಣಿ’ ಸೇರಿತು. ಮುಮ್ಮಡಿಯವರ ಕಾಲದ ‘ಲಕ್ಷ್ಮೀವಿಲಾಸ ಸನ್ನಿಧಾನ’ವೆಂಬ ಪದವಿಯೂ ಅವರಿಗೆ ಸಂದಿತು. ಇಂಗ್ಲೆಂಡಿನಲ್ಲಿ ಒಂದೇ ಪದವಿ ಮರಳಿ ಬಂದರೆ ಅದರ ಹಿಂದೆ ರಕ್ತದ ಎಳೆಯೋ ಹೊಸ ಸನ್ನದೋ ಇರಬೇಕು. ಇಲ್ಲಿ ಪದವಿ ಮರಳಿದ್ದು ಆ ಅರಮನೆಗೆ ಸೊಸೆಯಾಗಿ ಬಂದುದರಿಂದ.

ಈ ಪದವಿಗೆ ರಾಜ್ಯಾಧಿಕಾರವೂ ಸೇರಿದ ಒಂದು ಸಂದರ್ಭವಿದೆ. ೧೮೯೪ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಕುಮಾರ ಕೃಷ್ಣರಾಜರು ಅಪ್ರಾಪ್ತವಯಸ್ಕರಾಗಿದ್ದರು. ೧೯೦೨ರವರೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯಭಾರ ನಡೆಸಿದರು. ಮಾರಿಕಣಿವೆಯ ಜಲಾಶಯದ ಕೆಲಸ ಆರಂಭವಾದುದು ಅವರ ಆಡಳಿತದಲ್ಲಿ. ಅದಕ್ಕೆ ‘ವಾಣಿವಿಲಾಸ ಸಾಗರ’ವೆಂಬ ಹೆಸರಾಯಿತು, ಬೆಂಗಳೂರಿನ ಹೆಂಗಸರ ಆಸ್ಪತ್ರೆಯೂ ವಾಣಿವಿಲಾಸ ಆಸ್ಪತ್ರೆಯಾಯಿತು. ಸಾರ್ವಜನಿಕ ಸಂಸ್ಥೆಗಳಿಗೆ ಇಟ್ಟುದು ಅವರ ಜನ್ಮನಾಮವನ್ನಲ್ಲ, ಸನ್ನಿಧಾನದ ಹೆಸರನ್ನು. ಹೀಗಾಗಿ ಎಷ್ಟೋ ಮಂದಿಗೆ ವಾಣಿವಿಲಾಸವೆಂಬುದು ಗೊತ್ತು, ಕೆಂಪನಂಜಮ್ಮಣ್ಣಿ ಎಂಬ ಹೆಸರು ಗೊತ್ತಿಲ್ಲ. ಪದವಿಯು ವ್ಯಕ್ತಿಯನ್ನು ಉಳಿಸುವಂತೆಯೇ ಮರೆಮಾಡಲೂ ಬಲ್ಲುದು.

೫. ದತ್ತಕ: ಮಗಳ ರಕ್ತ, ಮಗನ ಹಕ್ಕು

ಮೈಸೂರಿನ ರಾಜಸ್ತ್ರೀಯರು ಸಿಂಹಾಸನವನ್ನು ಸ್ವತಃ ಪಡೆಯುವಂತಿರಲಿಲ್ಲ. ಆದರೆ ಅದರಲ್ಲಿ ಯಾರು ಕೂರಬೇಕೆಂಬುದರಲ್ಲಿ ಅವರ ಪಾತ್ರ ನಿರ್ಣಾಯಕವಾಗಿತ್ತು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ಲಕ್ಷ್ಮಮ್ಮಣ್ಣಿಯು ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯುದ್ದಕ್ಕೂ ಒಡೆಯರ ವಂಶದ ಹಕ್ಕಿಗಾಗಿ ರಹಸ್ಯವಾಗಿ ಯತ್ನಿಸಿದಳು. ೧೭೮೨ರಲ್ಲಿ ತಿರುಮಲರಾಯನ ಮೂಲಕ ಈಸ್ಟ್ ಇಂಡಿಯಾ ಕಂಪನಿಯೊಡನೆ ಆಕೆಯ ಹೆಸರಿನಲ್ಲಿ ಒಪ್ಪಂದವಾಯಿತು. ಕಂಪನಿಯ ದಾಖಲೆಗಳು ಅವಳನ್ನು ‘ಮೈಸೂರಿನ ರಾಣಾ’ ಎಂದು ಕರೆಯುತ್ತವೆ. ೧೭೯೯ರ ಜೂನ್ ೩೦ರಂದು ಪಟ್ಟವೇರಿದುದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ. ಒಪ್ಪಂದಕ್ಕೆ ಪಕ್ಷವಾಗಬಲ್ಲ ಹೆಣ್ಣು ಸಿಂಹಾಸನಕ್ಕೆ ವಾರಸುದಾರಳಾಗಲಿಲ್ಲ.

೧೮೬೫ರ ದತ್ತಕವು ಇನ್ನೂ ಸ್ವಾರಸ್ಯವಾದುದು. ಔರಸ ಉತ್ತರಾಧಿಕಾರಿಯಿಲ್ಲದ ಮುಮ್ಮಡಿಯವರು ಬೆಟ್ಟದಕೋಟೆ ಅರಸು ಮನೆತನದ ಬಾಲಕ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಬ್ರಿಟಿಷ್ ಸರ್ಕಾರ ೧೮೬೭ರಲ್ಲಿ ಅದನ್ನು ಮಾನ್ಯ ಮಾಡಿತು. ಈ ಬಾಲಕನ ತಾಯಿ ಪುಟ್ಟಮ್ಮಣ್ಣಿಯು ಮುಮ್ಮಡಿಯವರ ಹಿರಿಯ ಮಗಳು. ಎಂದರೆ ರಾಜನ ರಕ್ತವು ಬಾಲಕನಿಗೆ ಬಂದುದು ಮಗಳ ಮೂಲಕ, ರಾಜ್ಯದ ಹಕ್ಕು ಬಂದುದು ದತ್ತಕದ ಮೂಲಕ. ಮಗಳು ನಡುವಿನ ಕೊಂಡಿಯಾದರೂ ಹಕ್ಕಿನ ದಾಖಲೆಯಲ್ಲಿ ಆಕೆಗೆ ಸ್ಥಾನವಿಲ್ಲ.

ಸರಿಯಾಗಿ ೧೫೦ ವರ್ಷಗಳ ನಂತರ ಇದೇ ವಿನ್ಯಾಸ ಮರುಕಳಿಸಿತು. ೨೦೧೩ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ನಿಧನರಾದರು. ೨೦೧೫ರ ಫೆಬ್ರವರಿಯಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರರನ್ನು ದತ್ತು ಸ್ವೀಕರಿಸಿದರು. ಯದುವೀರರ ತಾಯಿ ಜಯಚಾಮರಾಜ ಒಡೆಯರ ಹಿರಿಯ ಮಗಳಾದ ಗಾಯತ್ರಿದೇವಿಯವರ ಪುತ್ರಿ. ಇಲ್ಲಿಯೂ ರಕ್ತವು ಹೆಣ್ಣಿನ ಕಡೆಯಿಂದ, ಅದೂ ಎರಡು ತಲೆಮಾರುಗಳ ಕಾಲ, ಹರಿದುಬಂದಿದೆ. ೧೯೭೧ರ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯಿಂದ ಅರಸರ ಮಾನ್ಯತೆ ಹಾಗೂ ರಾಜಧನ ರದ್ದಾಗಿದ್ದವಾದ್ದರಿಂದ ೨೦೧೫ರಲ್ಲಿ ದಾಟಿದುದು ಮನೆತನದ ಸಾಂಪ್ರದಾಯಿಕ ಸ್ಥಾನವೇ ಹೊರತು ರಾಜ್ಯವಲ್ಲ. ಆದರೆ ಎರಡು ದತ್ತಕಗಳ ನಡುವೆ ಮುಖ್ಯವಾದ ಭೇದವೊಂದಿದೆ: ೧೮೬೫ರಲ್ಲಿ ದತ್ತು ತೆಗೆದುಕೊಂಡವರು ಅರಸರು, ೨೦೧೫ರಲ್ಲಿ ದತ್ತು ತೆಗೆದುಕೊಂಡವರು ರಾಣಿ. ಈ ಬದಲಾವಣೆಯ ಹಿಂದೆ ಅರಮನೆಯ ಹೊರಗೆ ನಡೆದ ಕಾನೂನಿನ ಚರಿತ್ರೆಯಿದೆ.

೬. ಗಡಿಯ ಎರಡು ಬದಿಗಳು

೧೭೯೯ರಲ್ಲಿ ಟಿಪ್ಪುವಿನ ರಾಜ್ಯ ಹಂಚಿಕೆಯಾದಾಗ ಕೊಳ್ಳೇಗಾಲ ಕೊಯಮತ್ತೂರಿನೊಡನೆ ಕಂಪನಿಗೆ ಸೇರಿ ಮುಂದೆ ಮದರಾಸು ಪ್ರಾಂತ್ಯದ ಭಾಗವಾಯಿತು. ಇಂದಿನ ಹನೂರು ತಾಲ್ಲೂಕಿನ ಹಳ್ಳಿಗಳೂ ಆಗ ಕೊಳ್ಳೇಗಾಲಕ್ಕೇ ಸೇರಿದ್ದವು. ಯಳಂದೂರು ಮೈಸೂರು ಸಂಸ್ಥಾನದ ಎಲ್ಲೆಯೊಳಗೆ ಉಳಿಯಿತು. ಭಾಷೆ, ದೈವ, ಬಳಗ ಒಂದೇ ಆಗಿದ್ದರೂ ಹೆಣ್ಣಿನ ಹಕ್ಕು ಎರಡು ಕಡೆ ಎರಡು ಬಗೆಯಾಯಿತು.

ಮದರಾಸಿನ ಕಡೆಯಲ್ಲಿ ಗಂಡನ ಅನುಮತಿಯಿಲ್ಲದಿದ್ದರೂ ಆತನ ಸಪಿಂಡರ ಒಪ್ಪಿಗೆ ಪಡೆದು ವಿಧವೆ ದತ್ತು ತೆಗೆದುಕೊಳ್ಳಬಹುದೆಂಬ ನಿಯಮವನ್ನು ರಾಮನಾಡು ಜಮೀನುದಾರಿಯ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ೧೮೬೮ರಲ್ಲಿ ಸ್ಥಿರಪಡಿಸಿತು. ಅಲ್ಲಿಯೂ ರಾಣಿಯೊಬ್ಬಳ ದತ್ತಕವೇ ಸಾಮಾನ್ಯ ವಿಧವೆಯರ ಹಕ್ಕನ್ನು ನಿರ್ಣಯಿಸಿತೆಂಬುದು ಗಮನಿಸತಕ್ಕ ಅಂಶ. ಮೈಸೂರಿನಲ್ಲಿ ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಇನ್ನೂ ಮುಂದೆ ಹೋಯಿತು. ಗಂಡನು ಸ್ಪಷ್ಟವಾಗಿ ನಿಷೇಧಿಸಿರದಿದ್ದರೆ ವಿಧವೆಗೆ ದತ್ತಕದ ಅಧಿಕಾರವಿದೆಯೆಂದು ಅದು ಭಾವಿಸಿತು. ಕುಟುಂಬದ ಆಸ್ತಿ ವಿಭಾಗವಾಗುವಾಗ ವಿಧವೆ, ತಾಯಿ, ಅವಿವಾಹಿತ ಮಗಳು ಮುಂತಾದವರಿಗೆ ಪಾಲನ್ನು ಕಲ್ಪಿಸಿತು. ಮದರಾಸಿಗೆ ಅನ್ವಯಿಸಿದ ೧೯೩೭ರ ಕೇಂದ್ರ ಶಾಸನ ವಿಧವೆಗೆ ಸೀಮಿತ ಹಕ್ಕನ್ನಷ್ಟೇ ಕೊಟ್ಟಿತು. ಅದು ಕೃಷಿಭೂಮಿಗೆ ಸಲ್ಲದೆಂದು ೧೯೪೧ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಮದರಾಸು ಸರ್ಕಾರ ೧೯೪೭ರಲ್ಲಿ ಪ್ರತ್ಯೇಕ ಶಾಸನದಿಂದ ಆ ಕೊರತೆಯನ್ನು ತುಂಬಿತು. ಹೊಲವೇ ಬದುಕಿನ ಆಧಾರವಾದ ಸೀಮೆಯಲ್ಲಿ ಈ ವ್ಯತ್ಯಾಸ ಅಲ್ಪವಾದುದಲ್ಲ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋದ ಹೆಣ್ಣು ಕೆಲವೇ ಮೈಲಿಗಳ ದೂರದಲ್ಲಿ ಬೇರೊಂದು ಹಕ್ಕಿನ ವ್ಯವಸ್ಥೆಗೆ ಸೇರುತ್ತಿದ್ದಳು.

೧೯೫೬ ಈ ಸೀಮೆಗೆ ಎರಡು ರೀತಿಯಲ್ಲಿ ಮಹತ್ವದ ವರ್ಷ. ನವೆಂಬರ್ ೧ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಹಿಂದೂ ಉತ್ತರಾಧಿಕಾರ ಅಧಿನಿಯಮವು ಹೆಣ್ಣಿನ ಸೀಮಿತ ಹಕ್ಕನ್ನು ಪೂರ್ಣ ಸ್ವಾಮ್ಯವನ್ನಾಗಿಸಿತು. ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ವಿಧವೆಗೆ ಸ್ವಂತ ಹಕ್ಕಿನಿಂದ ದತ್ತು ಸ್ವೀಕರಿಸುವ ಅಧಿಕಾರವನ್ನು ಕೊಟ್ಟಿತು. ೧೯೯೪ರ ಕರ್ನಾಟಕ ತಿದ್ದುಪಡಿ ಮತ್ತು ೨೦೦೫ರ ಕೇಂದ್ರ ತಿದ್ದುಪಡಿಗಳಿಂದ ಮಗಳು ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಭಾಗಿಯಾದಳು.

೭. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಇಂಗ್ಲೆಂಡಿನಲ್ಲಿ ಪದವಿಯು ರಕ್ತವನ್ನು ಹಿಂಬಾಲಿಸಿತು. ಆದ್ದರಿಂದ ಗಂಡುಸಂತತಿಯಿಲ್ಲದ ಕಡೆ ಮಗಳು ಅದರ ಒಡತಿಯಾಗಬಹುದಾಗಿತ್ತು. ಮೈಸೂರಿನಲ್ಲಿ ರಾಣಿಯ ಪದವಿ ಅರಮನೆಯ ಪೀಠಕ್ಕೆ ಸೇರಿದ್ದರಿಂದ ಕಾಠಿಯಾವಾಡದ ಸೊಸೆಗೂ ಸಂದಿತು, ಅರಮನೆಯ ಮಗಳಿಗೆ ಸಲ್ಲಲಿಲ್ಲ. ಸಿಂಹಾಸನದ ಹಕ್ಕು ಮಗಳನ್ನು ದಾಟಿ ಮಗಳ ಮಗನನ್ನು ದತ್ತಕದ ಮೂಲಕ ತಲುಪಿತು. ಇವೆರಡು ವ್ಯವಸ್ಥೆಗಳಲ್ಲಿ ಯಾವುದು ಉದಾರವಾದುದೆಂದು ತೀರ್ಮಾನಿಸುವುದಕ್ಕಿಂತ, ಎರಡರಲ್ಲಿಯೂ ಹೆಸರು ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಉಳಿದುದನ್ನು ಗುರುತಿಸುವುದು ಮುಖ್ಯ. ಲೇಡಿ ರೋಂಡಾಳಿಗೆ ಪದವಿಯಿದ್ದೂ ಆಸನವಿರಲಿಲ್ಲ. ಲಕ್ಷ್ಮಮ್ಮಣ್ಣಿಗೆ ಒಪ್ಪಂದ ಮಾಡಿಕೊಳ್ಳುವ ವರ್ಚಸ್ಸಿದ್ದೂ ಪಟ್ಟವಿರಲಿಲ್ಲ.

ಬಿರುದುಗಳಿಗೆ ರಾಜ್ಯದ ಮನ್ನಣೆ ಮುಗಿದ ಮೇಲೆ ಉಳಿದುದು ಆಸ್ತಿಯ ಪ್ರಶ್ನೆ. ಚಿಕ್ಕದೇವರಾಜರ ಪಟ್ಟದ ರಾಣಿಯಾಗಿ ಹೋದ ಯಳಂದೂರಿನ ಮಗಳಿಗೆ ತವರಿನ ಸೀಮೆಯಲ್ಲಿ ಇರದಿದ್ದ ಹಕ್ಕು, ಇಂದು ಯಳಂದೂರು, ಕೊಳ್ಳೇಗಾಲ, ಹನೂರುಗಳ ಯಾವುದೇ ಸಾಮಾನ್ಯ ಹಿಂದೂ ಕುಟುಂಬದ ಮಗಳಿಗೆ ಕಾನೂನಿನಲ್ಲಿ ಇದೆ. ಆ ಹಕ್ಕು ಪಹಣಿಯ ಪುಟಕ್ಕೆ ಇಳಿಯುತ್ತದೆಯೋ, ಅಣ್ಣತಮ್ಮಂದಿರ ಪರವಾಗಿ ಬರೆದುಕೊಡುವ ಹಕ್ಕುಬಿಡುಗಡೆ ಪತ್ರದಲ್ಲಿ ಕೊನೆಗೊಳ್ಳುತ್ತದೆಯೋ ಎಂಬುದು ಮುಂದಿನ ಅಧ್ಯಯನಗಳು ಕೈಗೆತ್ತಿಕೊಳ್ಳಬೇಕಾದ ವಿಷಯವಾಗಿದೆ.